ಕೀಲೆಣ್ಣೆ ಕುಡಿದ ಜೀಪು

ಕೆಸರಿಗೆ ಅಂಜದ ಪ್ರಾಣಿಗಳು ಈ ಭೂಮಿಯ ಮೇಲೆ ಎರಡೇ. ಒಂದು ಎಮ್ಮೆ, ಇನ್ನೊಂದು ನನ್ನ ಜೀಪು! ಈ ಮಾತನ್ನು ಆ ವರ್ಷದ ಶ್ರಾವಣದಲ್ಲಿ ನಾನು ಗಜೇಂದ್ರಗಡದ ಪೇಟೆಯ ತುಂಬ ಹೇಳಿಕೊಂಡು ತಿರುಗಿದೆ. ಕೇಳದವರನ್ನು ನಿಲ್ಲಿಸಿ ಹೇಳಿದೆ. ಕೇಳಿದವರಿಗೆ ಮರೆತಿರಬಹುದೆಂದು ಮತ್ತೊಮ್ಮೆ ಹೇಳಿದೆ. ನಾನು ಬರುವುದನ್ನು ಕಂಡು ಕೆಲವರು ಚಪ್ಪಲಿ ಕೈಯಲ್ಲಿ ಹಿಡಿದು ಸಂದಿಗೆ ನುಗ್ಗುತ್ತಿದ್ದರು. ಸಂದಿಗೂ ಜೀಪು ಹೋಗುತ್ತಿತ್ತು!

ಪೇಟೆಯಲ್ಲಿ ನಮ್ಮದು ಸೀರೆ, ಕುಬಸದ ಖಣಗಳ ಅಂಗಡಿ. ಸಂತೆಯಿಂದ ಸಂತೆಗೆ ಗಂಟು ಸಾಗಿಸಲು ಅನುಕೂಲವಾಗಲಿ ಎಂದು ನರಗುಂದದ ಒಬ್ಬ ದಲ್ಲಾಳಿಯಿಂದ ಅದನ್ನು ಕೊಂಡಿದ್ದೆ. ಯುದ್ಧ ಮುಗಿದ ಮೇಲೆ ದಂಡಿನವರು ಹರಾಜು ಹಾಕಿದ ಗಾಡಿ. ಬಾಗಿಲಿಲ್ಲ. ಮೇಲೊಂದು ಗುಡಾರದ ಬಟ್ಟೆ. ಬಣ್ಣ ಹಸಿರೋ ಬೂದಿಯೋ ದೇವರಿಗೇ ಗೊತ್ತು. ಆದರೆ ದಲ್ಲಾಳಿ ಅದರ ನಡುವಿನಿಂದ ಎದ್ದುನಿಂತ ಒಂದು ಗೂಟವನ್ನು ತೋರಿಸಿದನಲ್ಲ, ಅಲ್ಲಿಗೆ ನಾನು ಸೋತೆ.

"ಸಾವಕಾರ್ರ, ಬ್ಯಾರೆ ಮೋಟಾರಿಗೆ ಹಿಂದಿನ ಎರಡು ಗಾಲಿ ಅಷ್ಟ ದುಡೀತಾವು. ಮುಂದಿನವು ಪುಕ್ಕಟ ತಿರಗತಾವು. ಈ ಗೂಟ ಹಿಂದಕ್ಕ ಎಳದ್ರೋ, ನಾಕೂ ಗಾಲಿ ದುಡೀಬೇಕು! ಕಲ್ಲಿರಲಿ, ಕೆಸರಿರಲಿ, ಇದನ್ನ ತಡಿಯೂದು ಯಾವುದೂ ಇಲ್ಲ."

ಈ ಗೂಟದ ಮಹಿಮೆಯನ್ನು ಮನೆಯಲ್ಲಿ ಹೆಂಡತಿ ನೀಲವ್ವನಿಗೆ ವಿವರಿಸಿದೆ. ಸಂಸಾರಕ್ಕೂ ಇಂಥದೊಂದು ಗೂಟವಿದ್ದರೆ ಎಲ್ಲರೂ ಸಮನಾಗಿ ದುಡಿಯುತ್ತಿದ್ದರು ಎಂದು ತತ್ವವನ್ನೂ ಹೇಳಿದೆ.

"ಹೌದ್ರಿ, ಇದ್ದಿದ್ರ ಮೊದಲ ನಿಮ್ಮನ್ನ ಎಳೀತಿದ್ದೆ" ಎಂದಳು.

ಓಡಿಸುವ ವಿದ್ಯೆಯನ್ನೂ ದಲ್ಲಾಳಿಯೇ ಕಲಿಸಿದ. ಹೊರಡಿಸುವುದು, ಹೊರಳಿಸುವುದು, ಏರು ಹತ್ತಿಸುವುದು, ಇವನ್ನೆಲ್ಲ ನಾನು ಭಕ್ತಿಯಿಂದ ಕಲಿತೆ. ನಿಲ್ಲಿಸುವ ಪಾಠಕ್ಕೆ ಬರುವಷ್ಟರಲ್ಲಿ ಅವನಿಗೆ ಊಟದ ಹೊತ್ತಾಗಿತ್ತು. "ಕಾಲ ಬುಡಕ ಬ್ರೇಕ್ ಐತಿ, ತುಳೀರಿ, ನಿಲ್ತೈತಿ. ಆಮ್ಯಾಲ ಚಾವಿ ತಿರುವಿ ಬಂದ್ ಮಾಡ್ರಿ" ಎಂದು ಎರಡು ಮಾತಿನಲ್ಲಿ ಮುಗಿಸಿದ. ನಿಲ್ಲಿಸುವುದರಲ್ಲಿ ಕಲಿಯುವುದೇನಿದೆ ಎಂದು ನಾನೂ ಹೆಚ್ಚು ಕೇಳಲಿಲ್ಲ.

ಊರಿಗೆ ತಂದ ವಾರದಲ್ಲೇ ಪರೀಕ್ಷೆ ನಡೆಯಿತು. ಗಜೇಂದ್ರಗಡದ ಬೆನ್ನಿಗಿರುವ ಗುಡ್ಡವನ್ನು ನೋಡಿದವರಿಗೆ ಗೊತ್ತು, ಅಲ್ಲಿ ಆಡು ಕೂಡ ಯೋಚನೆ ಮಾಡಿ ಕಾಲಿಡುತ್ತದೆ. ಗೂಟ ಹಿಂದಕ್ಕೆಳೆದೆ. ಜೀಪು ಒಮ್ಮೆ ಗುರ್ ಎಂದಿತು. ಕಲ್ಲಿನ ಮೇಲೆ ಕಲ್ಲು ಹತ್ತಿ, ಮೂರು ಗಾಲಿ ನೆಲದ ಮೇಲೆ, ಒಂದು ಗಾಲಿ ಆಕಾಶದಲ್ಲಿ, ನಾನು ಸೀಟಿನ ಮೇಲೆ ಅರ್ಧ, ಹೊರಗೆ ಅರ್ಧ, ಹೀಗೆ ನಾವಿಬ್ಬರೂ ನೆತ್ತಿ ಮುಟ್ಟಿದೆವು! ಕೆಳಗೆ ಪೇಟೆಗೆ ಪೇಟೆಯೇ ಚಪ್ಪಾಳೆ ತಟ್ಟಿತು. ನೆತ್ತಿಯಲ್ಲಿ ಕೈಬ್ರೇಕು ಎಳೆದೆ. ಅದು ಕಿತ್ತು ನನ್ನ ಕೈಗೇ ಬಂತು. ಇರಲಿ, ಹತ್ತುವ ಗಾಡಿಗೆ ಅದು ಯಾತಕ್ಕೆ? ಮನೆಗೆ ತಂದು ಹಿತ್ತಿಲ ಬಾಗಿಲಿಗೆ ಅಗಳಿ ಮಾಡಿದೆ. ಒಳ್ಳೆಯ ಗಟ್ಟಿ ಅಗಳಿ.

ಇಷ್ಟೆಲ್ಲ ಪರಾಕ್ರಮದ ಹಿಂದೆ ಒಂದು ಕಾರಣವಿತ್ತು. ನನ್ನ ತಂಗಿ ಗಂಗವ್ವ.

ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮಗಳು ತವರಿಗೆ ಬರಬೇಕು, ನಾಗಪ್ಪನಿಗೆ ಹಾಲೆರೆಯಬೇಕು, ಬೇವಿನ ಮರದ ಜೋಕಾಲಿಯಲ್ಲಿ ಜೀಕಬೇಕು. ಕರೆಯಲು ಅಣ್ಣನೋ ತಮ್ಮನೋ ಹೋಗಬೇಕು. ಗಂಗವ್ವನನ್ನು ಮೆಣಸಗಿಗೆ ಕೊಟ್ಟಿದ್ದೆವು. ಮಲಪ್ರಭೆಯ ಕಡೆಯ ಎರೆ ನೆಲ. ಬೇಸಿಗೆಯಲ್ಲಿ ಅಂಥ ಭೂಮಿ ಇನ್ನೊಂದಿಲ್ಲ. ಆದರೆ ನಾಲ್ಕು ಹನಿ ಬಿತ್ತೋ, ದಾರಿ ಎಂಬುದು ಕರಿ ಹಿಟ್ಟಿನ ಮುದ್ದೆ. ಮದುವೆಯಾದ ಮೇಲೆ ಗಂಗವ್ವನಿಗೆ ಒಂದು ಪಂಚಮಿಗೂ ಬರಲಾಗಿರಲಿಲ್ಲ. ಹೋದ ವರ್ಷ ನಾನು ಚಕ್ಕಡಿ ಕಟ್ಟಿಕೊಂಡು ಹೊರಟವನು ರೋಣ ದಾಟಿ ಅಚ್ಚು ಮುರಿದುಕೊಂಡು, ಎತ್ತುಗಳ ಹಿಂದೆ ನಡೆದು ವಾಪಸು ಬಂದಿದ್ದೆ. ಬೀಗರಾದ ಚನ್ನಪ್ಪಗೌಡರು ಒಂದು ಮಾತು ಆಡಿಬಿಟ್ಟಿದ್ದರು.

"ನಮ್ಮ ಸೊಸಿ ಕೆಸರಾಗ ಕಾಲು ಎಳಕೋತ ತವರಿಗೆ ಹೋಗೂದು ಬ್ಯಾಡ. ನಮ್ಮ ಬಾಗಲಮಟ ಗಾಡಿ ತರ್ರಿ, ಕುಂದ್ರಿಸಿ ಕಳಸ್ತೀನಿ."

ಚಂದ್ರನನ್ನು ತಂದುಕೊಡಿ, ಮಗಳನ್ನು ಕಳಿಸುತ್ತೇನೆ ಎಂದ ಹಾಗೆ!

ಪ್ರತಿ ವರ್ಷ ಅವ್ವ ಮನೆಯ ಮುಂದಿನ ಬೇವಿನ ಮರಕ್ಕೆ ಮಗಳ ಹೆಸರಿನಲ್ಲಿ ಹಗ್ಗ ಕಟ್ಟಿಸುತ್ತಿದ್ದಳು. ಹಬ್ಬ ಮುಗಿದ ಮೇಲೆ ತಾನೇ ನಿಂತು ಬಿಚ್ಚಿಸುತ್ತಿದ್ದಳು. ಆ ವರ್ಷ ಕಟ್ಟಿಸುವಾಗ ನನ್ನ ಕಡೆ ನೋಡದೆ ಹೇಳಿದಳು: "ಇದೊಂದ ಸಲ ಕಟ್ಟಸ್ತೀನಪಾ. ಈ ವರ್ಷನೂ ಕಟ್ಟಿ ಬಿಚ್ಚೂದ ಆದ್ರ, ಇನ್ನ ಮ್ಯಾಲ ಕಟ್ಟೂದ ಬ್ಯಾಡ."

ನಾನು ಜೀಪಿನ ಬೆನ್ನು ತಟ್ಟಿದೆ. "ಅವ್ವಾ, ನಾಳೆ ಹಾಲೆರಿಯೂ ಹೊತ್ತಿಗೆ ನಿನ್ನ ಮಗಳು ನಿನ್ನ ಮುಂದ."

ಅಂದು ರೊಟ್ಟಿ ಹಬ್ಬ, ಪಂಚಮಿಯ ಮೊದಲ ಸಡಗರ. ಬೆಳಗಿನಲ್ಲೇ ಹೊರಟೆವು. ನೀಲವ್ವ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗಳ ಗಂಟನ್ನೂ ಶೇಂಗಾ ಉಂಡೆಯ ಡಬ್ಬಿಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ಹೊರಡುವ ಮೊದಲು ನಾನು ಆಕೆಗೆ ಗಂಭೀರವಾಗಿ ಒಂದು ಸೂಚನೆ ಕೊಟ್ಟೆ.

"ನೋಡು, ಇದು ಮಿಲ್ಟ್ರಿ ಯಂತ್ರ. ಏನೂ ಮುಟ್ಟಬ್ಯಾಡ. ಗೂಟ ಮುಟ್ಟಬ್ಯಾಡ, ಚಾವಿ ಮುಟ್ಟಬ್ಯಾಡ. ಒಂದು ಮುಟ್ಟಿದ್ರ ಇನ್ನೊಂದು ಆಗತೈತಿ."

"ನನಗ ರೊಟ್ಟಿ ಮುರೀಲಾರದಂಗ ಹಿಡಕೊಳ್ಳೂದ ಸಾಕಾಗೇತಿ. ನಡೀರಿ."

ಸೂಡಿ ದಾಟಿ ರೋಣದವರೆಗೆ ಗಟ್ಟಿ ದಾರಿ. ರೋಣದ ಆಚೆ ಎರೆ ಶುರುವಾಯಿತು. ಅಯ್ಯಯ್ಯೋ, ಏನು ನೋಟ! ಚಕ್ಕಡಿಗಳ ಗಾಲಿಯ ಸಂದಿಗಳಿಗೆಲ್ಲ ಕೆಸರು ತುಂಬಿ, ಗಾಲಿಗಳು ಗಾಲಿಯ ಹಾಗಿರದೆ ದೊಡ್ಡ ಕರಿ ರೊಟ್ಟಿಗಳ ಹಾಗೆ ಕಾಣುತ್ತಿದ್ದವು. ಮಂದಿ ಚಪ್ಪಲಿಗಳನ್ನು ನೆಲಕ್ಕೆ ದಾನ ಮಾಡಿ ಬರಿಗಾಲಿನಲ್ಲಿ ನಿಂತಿದ್ದರು. ನಾನು ಗೂಟ ಎಳೆದೆ. ನಾಲ್ಕು ಗಾಲಿಗಳೂ ಕೆಸರನ್ನು ಕಚ್ಚಿ, ಉಗುಳಿ, ಮತ್ತೆ ಕಚ್ಚಿ ಮುಂದೆ ನಡೆದವು. ಹಿಂದಿನ ಭಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಳುಕುತ್ತಿತ್ತು. ಆದರೆ ನಿಲ್ಲಲಿಲ್ಲ. ಜಾರಿತು, ನಿಲ್ಲಲಿಲ್ಲ. ಮುಳುಗಿತು, ಎದ್ದಿತು, ನಿಲ್ಲಲಿಲ್ಲ!

ಕಂಬಳಿ ಹೊದ್ದ ರೈತನೊಬ್ಬ ಅಚ್ಚಿನವರೆಗೆ ಹೂತ ಚಕ್ಕಡಿಯ ಪಕ್ಕ ಬೀಡಿ ಸೇದುತ್ತ ನಿಂತಿದ್ದ. ನನ್ನೊಳಗಿನ ವೀರ ಸುಮ್ಮನಿರುತ್ತಾನೆಯೇ? ಹಗ್ಗ ಕಟ್ಟಿಸಿದೆ. ಚಕ್ಕಡಿ ಪಳಕ್ಕನೆ ಮೇಲೆ ಬಂತು. ರೈತ ಬೀಡಿ ಬಿಸಾಕಿ ಜೀಪನ್ನು ಸುತ್ತು ಬಂದು ನೋಡಿದ.

"ಭಲೇ! ಏನು ಹಾಕಿ ಮೇಯಿಸ್ತೀರಿ ಇದಕ್ಕ?"

"ಪೆಟ್ರೋಲು."

"ನಮ್ಮ ಎತ್ತಿಗೂ ಒಂದ ಚರಗಿ ಕೊಡ್ರಲಾ!"

ಮುಂದೆ ಇನ್ನೊಂದು ಚಕ್ಕಡಿ. ಅದನ್ನೂ ಎಳೆದೆ. ಆಮೇಲೆ ಮತ್ತೊಂದು. ಒಬ್ಬ ತನ್ನ ಚಕ್ಕಡಿ ಸಿಕ್ಕಿಬೀಳದಿದ್ದರೂ ಎಳೆಸಿಕೊಂಡ. ನೀಲವ್ವನ ತಾಳ್ಮೆ ಮುಗಿಯಿತು.

"ಏನ್ರಿ, ನಾವು ಗಂಗವ್ವನ್ನ ಕರಿಯಾಕ ಹೊಂಟೇವೋ, ಊರ ಮಂದಿ ಗಾಡಿ ಎಳಿಯಾಕ ಹೊಂಟೇವೋ?"

ಊರ ಮುಂದಿನ ಹಳ್ಳದಲ್ಲಿ ನೀರು ಹರಿಯುತ್ತಿತ್ತು. ನೀಲವ್ವ ರೊಟ್ಟಿಯ ಗಂಟನ್ನು ತಲೆಯ ಮೇಲೇರಿಸಿಕೊಂಡಳು. ನಾನು ಒಂದು ಕ್ಷಣ ಕಣ್ಣು ಮುಚ್ಚಿ, ಮರುಕ್ಷಣ ತೆರೆದೆ. ನೀರು ಕಾಲಮೇಲೆ ಹರಿಯಿತು. ಜೀಪು ಆ ದಡಕ್ಕೆ ಎದ್ದು ನಾಯಿಯ ಹಾಗೆ ಮೈ ಕೊಡವಿ ನಡೆಯಿತು.

ಮೆಣಸಗಿಗೆ ಮೆಣಸಗಿಯೇ ಅಗಸೆಬಾಗಿಲಿಗೆ ಬಂದಿತ್ತು. ಗೌಡರ ಬಾಗಿಲಲ್ಲಿ ಬ್ರೇಕು ತುಳಿದೆ. ಗಾಲಿಗಳಲ್ಲಿ ಮರಳು ಸೇರಿತ್ತೋ ಏನೋ, "ಕಿರ್‍ರ್‍ರ್!" ಎಂದು ಊರೆಲ್ಲ ಕೇಳುವಂತೆ ಕಿರುಚಿ ಜೀಪು ನಿಂತಿತು. ಚಾವಿ ತಿರುವಿ ಬಂದ್ ಮಾಡಿದೆ. ಗಂಗವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಅಣ್ಣಾ! ಖರೇನ ಬಂದೆಲ್ಲೋ!" ಎಂದು ಕೂಗಿದಳು. ಸೆರಗಿನಿಂದ ಜೀಪಿನ ಮೂತಿಯ ಕೆಸರು ಒರೆಸತೊಡಗಿದಳು.

ಚನ್ನಪ್ಪಗೌಡರು ಮೀಸೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಗಾಡಿ ನೋಡಿದರು. ಆಮೇಲೆ ಕೇಳಿದರು, "ನೀರು ಕುಡೀತೈತೇನ್ರಿ?"

"ಕುಡೀತೈತ್ರಿ, ಮೂತಿಯೊಳಗ ಹಾಕಬೇಕು."

"ಎಣ್ಣಿ?"

"ಎಣ್ಣಿನೂ ಕುಡೀತೈತ್ರಿ."

"ಹಂಗಾರ ಅರ್ಧ ಎತ್ತು, ಅರ್ಧ ದೀಪ" ಎಂದು ತೀರ್ಪು ಕೊಟ್ಟರು. ಸೋತದ್ದನ್ನು ಒಪ್ಪಿಕೊಳ್ಳುವ ದೊಡ್ಡತನ ಅವರಲ್ಲಿತ್ತು. "ಮಾತು ಕೊಟ್ಟೀನಿ. ಬೆಳಿಗ್ಗೆ ತಂಗೀನ ಕರಕೊಂಡು ಹೋಗ್ರಿ."

ಊಟದ ಹೊತ್ತಿನಲ್ಲಿ ನಾನು ನಾಲ್ಕು ಗಾಲಿಯ ಪುರಾಣವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅದರ ಆಯಾಸಕ್ಕೆ ಮರುದಿನ ಏಳುವುದು ಸ್ವಲ್ಪ ತಡವಾಯಿತು. ಅಷ್ಟೇ ಸಾಕಾಯಿತು!

ಎದ್ದು ಹೊರಗೆ ಬಂದರೆ ಗೌಡರು ಜೀಪಿನ ಪಕ್ಕ ಮೊಳಕಾಲೂರಿ ಕುಳಿತಿದ್ದಾರೆ. ಕೈಯಲ್ಲಿ ಒಂದು ಕೋಲು, ಕೋಲಿನ ತುದಿಗೆ ಅರಿವೆ, ಪಕ್ಕದಲ್ಲಿ ಚಕ್ಕಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆಯ ಕೊಳವಿ. ಹರಳೆಣ್ಣೆಗೆ ಮಸಿ ಕಲಸಿದ ಆ ಕರಿ ಜಿಡ್ಡನ್ನು ಗಾಲಿಗಳ ಹಿಂದಿನ ಒಂದೊಂದು ಸಂದಿಗೂ ತುಂಬಿ ತುಂಬಿ ಇಡುತ್ತಿದ್ದಾರೆ. ನಾಲ್ಕನೆಯ ಗಾಲಿ ಮುಗಿಯುತ್ತ ಬಂದಿತ್ತು.

"ಗೌಡ್ರ, ಇದೇನ್ರೀ!"

ಗೌಡರು ಎದ್ದು ನಿಂತು ನಕ್ಕರು. ಆ ನಗೆಯಲ್ಲಿದ್ದ ಪ್ರೀತಿಯನ್ನು ನಾನು ಇಂದಿಗೂ ಮರೆತಿಲ್ಲ.

"ನಿನ್ನೆ ಬಂದು ನಿಂದ್ರೂಮುಂದ ಗಾಡಿ ಹ್ಯಾಂಗ ಕಿರಗುಟ್ಟಿತು ಕೇಳಿದ್ರಿಲ್ಲೋ? ಗಾಲಿ ಒಣಗ್ಯಾವು. ಸೊಸಿ ತವರಿಗೆ ಹೋಗೂ ಗಾಡಿ ಕಿರಗುಟ್ಟಿದ್ರ, ಒಂದ ಹನಿ ಎಣ್ಣಿಗೂ ಗತಿಯಿಲ್ಲದ ಮನಿ ಅಂತಾರ ನೋಡಿದ ಮಂದಿ. ಆಳು ಹಚ್ಚಿದ್ರ ನನಗ ಸಮಾಧಾನ ಆಗೂದಿಲ್ಲ ಅಂತ ನಾನ ಹಚ್ಚೀನಿ. ಇನ್ನ ನಿಮ್ಮ ಗಾಡಿ ಉಸಿರು ಸೈತ ಬಿಡೂದಿಲ್ಲ!"

ಎಪ್ಪತ್ತರ ಹತ್ತಿರದ ಹಿರಿಯರು, ಗೌಡಕಿಯ ಮನುಷ್ಯ, ನನ್ನ ತಂಗಿಗಾಗಿ ಮೊಣಕೈವರೆಗೆ ಮಸಿ ಮಾಡಿಕೊಂಡಿದ್ದಾರೆ. ಏನೆಂದು ಹೇಳಲಿ? "ಭಾಳ ಚಲೋ ಆತ್ರಿ" ಎಂದೆ. ಕೀಲೆಣ್ಣೆಯಿಂದ ಏನಾಗುತ್ತದೆ ಎಂಬುದು ನನಗೂ ಆಗ ಗೊತ್ತಿರಲಿಲ್ಲ ಎನ್ನುವುದು ನನ್ನ ಸಮಾಧಾನ.

ಬೀಗರು ಮತ್ತೆ ತುಂಬಿಕೊಟ್ಟ ರೊಟ್ಟಿಯ ಗಂಟನ್ನೂ ಉಂಡೆಯ ಡಬ್ಬಿಯನ್ನೂ ನೀಲವ್ವ ತೊಡೆಯ ಮೇಲಿಟ್ಟುಕೊಂಡಳು. ಉಡಿ ತುಂಬಿಸಿಕೊಂಡು ಗಂಗವ್ವ ಹಿಂದಿನ ಸೀಟಿನಲ್ಲಿ ಕುಳಿತಳು. ಊರು ದಾಟಿದೆವು. ಹಳ್ಳದ ಇಳುಕಲಿನಲ್ಲಿ ಬ್ರೇಕು ತುಳಿದೆ.

ಗಾಲಿಯನ್ನು ಹಿಡಿಯಬೇಕಾದ ಬ್ರೇಕಿಗೇ ಕೀಲೆಣ್ಣೆ ಮೆತ್ತಿತ್ತು, ಬೆಣ್ಣೆ ಸವರಿದ ಹಾಗೆ ಜಾರಿತು. ಜೀಪು ಮಾತ್ರ ತನ್ನ ಪಾಡಿಗೆ ತಾನು ಹೊರಟಿತು. ಕಿರ್ ಎನ್ನಲಿಲ್ಲ. ಗೌಡರು ಹೇಳಿದ ಹಾಗೆ ಉಸಿರು ಕೂಡ ಬಿಡಲಿಲ್ಲ!

ಹಳ್ಳಕ್ಕೆ ಧುಮುಕಿ, ನೀರನ್ನು ಎರಡು ಹೋಳು ಮಾಡಿ, ಆ ದಡಕ್ಕೆ ಎದ್ದೆವು. ಗಂಗವ್ವ ಹಿಂದಿನಿಂದ ಕೂಗಿದಳು, "ಅಣ್ಣಾ, ಏನು ಜೋರು ಹೊಡೀತೀಯೋ!"

"ನಾ ಹೊಡಿಯಾಕತ್ತಿಲ್ಲವಾ, ಅದ ಹೊಂಟೈತಿ" ಎನ್ನಲು ಬಾಯಿ ಬರಲಿಲ್ಲ. "ಹ್ಯಾಂಗೈತಿ ನಮ್ಮ ಗಾಡಿ!" ಎಂದೆ.

ಗೇರಿನಿಂದ ತಪ್ಪಿಸಿ ನೋಡಿದೆ. ದಾರಿ ಮತ್ತೆ ಇಳುಕಲಾಗಿದ್ದರಿಂದ ಜೀಪು ಬಿಟ್ಟ ಹೋರಿಯ ಹಾಗೆ ನುಗ್ಗಿತು. ತಕ್ಷಣ ಮತ್ತೆ ಕೆಳಗಿನ ಗೇರಿಗೆ ತುರುಕಿದೆ. ಇನ್ನು ಜನ್ಮದಲ್ಲಿ ಅದನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿಕೊಂಡೆ. ಆ ಗೇರಿನಲ್ಲಿ ಜೀಪು ಮನುಷ್ಯನ ನಡಿಗೆಗಿಂತ ಸ್ವಲ್ಪ ಜೋರಾಗಿ, ನಾನು ಕಾಲು ತೆಗೆದರೂ, ಬೈದರೂ, ಬೇಡಿಕೊಂಡರೂ, ಒಂದೇ ಸಮನೆ ನಡೆಯುತ್ತಿತ್ತು. ನಾಲ್ಕೂ ಗಾಲಿ ದುಡಿಯುತ್ತಿದ್ದವಲ್ಲ!

ನೀಲವ್ವ ನನ್ನ ಮುಖ ನೋಡಿ ತಿಳಿದುಕೊಂಡಳು. "ಏನ್ರಿ, ನಿಂದ್ರವಲ್ದೇನು?"

"ಸಣ್ಣ ದನ್ಯಾಗ ಮಾತಾಡು. ಗಂಗವ್ವ ಅಂಜತಾಳ."

"ಅಲ್ರೀ, ನಿನ್ನೆ ನೀವು ಬಾಗಲದಾಗ—"

"ನೀಲವ್ವ! ಯಂತ್ರದ ವಿಚಾರ ನನಗ ಬಿಡು!"

ಬಿಟ್ಟಳು. ಆಗ ನನಗೊಂದು ಮಹತ್ತರವಾದ ಉಪಾಯ ಹೊಳೆಯಿತು. ಲೋಕದ ಎಲ್ಲ ಗಾಡಿಗಳನ್ನೂ ನಿಲ್ಲಿಸುವ ಶಕ್ತಿ ಕೆಸರಿಗಿದೆ. ನಾವೂ ದೊಡ್ಡ ಕೆಸರು ಹುಡುಕಿ ಸಿಕ್ಕಿಬೀಳಬೇಕು! ನಿನ್ನೆ ಇಡೀ ದಿನ ಯಾವ ಕೆಸರನ್ನು ಹೊಗಳಿಕೊಂಡು ದಾಟಿದ್ದೆನೋ, ಅದರ ಕಾಲಿಗೇ ಬೀಳುವ ದಿನ ಬಂತು. ನಿನ್ನೆ ಚಕ್ಕಡಿ ಹೂತಿದ್ದ ಜಾಗಕ್ಕೇ ಜೀಪು ಹೊರಳಿಸಿದೆ. ಕಂಬಳಿಯ ರೈತ ಇಂದೂ ಅಲ್ಲೇ ಬದುವಿನ ಮೇಲಿದ್ದ.

"ಸಾವಕಾರ್ರ, ಅತ್ತಾಗ ಹೋಗಬ್ಯಾಡ್ರಿ, ಮನಷಾರ ಎದೀಮಟ ಐತಿ!"

"ಅದ ಬೇಕಾಗೇತಿ!" ಎಂದು ಕೂಗಿ ನುಗ್ಗಿಸಿದೆ.

ಜೀಪು ಇಳಿಯಿತು. ಮೂತಿ ಮುಳುಗಿತು. ನನ್ನ ಹೃದಯ ಆನಂದದಿಂದ ಉಬ್ಬಿತು. ಸಿಕ್ಕಿಬಿತ್ತು, ಸಿಕ್ಕಿಬಿತ್ತು ಎನ್ನುವಷ್ಟರಲ್ಲಿ ಮುಂದಿನ ಗಾಲಿಗಳು ಎಲ್ಲಿಯೋ ಗಟ್ಟಿ ನೆಲ ಕಚ್ಚಿದವು. ಗುರ್, ಗುರ್, ಪಳಕ್! ಆಚೆ ದಂಡೆಯ ಮೇಲಿದ್ದೆವು. ರೈತ ಕಂಬಳಿ ಗಾಳಿಗೆ ಬೀಸಿ ಕುಣಿದುಬಿಟ್ಟ. "ಹುಲಿ! ಹುಲೀರಿ ನಿಮ್ಮ ಗಾಡಿ!"

ಬೇರೆ ದಿನವಾಗಿದ್ದರೆ ಇಳಿದು ಅವನನ್ನು ತಬ್ಬಿಕೊಳ್ಳುತ್ತಿದ್ದೆ. ಇಳಿಯುವುದೇ ಕಷ್ಟವಾಗಿತ್ತು.

ರೋಣ ಬಂತು, ಹೋಯಿತು. ಸೂಡಿಯ ಹತ್ತಿರ ಎಮ್ಮೆಗಳು ಹೊರಳುವ ಒಂದು ಹೊಂಡವಿದೆ. ತಳ ಕಂಡವರಿಲ್ಲ ಎಂಬ ಖ್ಯಾತಿ ಅದಕ್ಕೆ. ಇದೇ ನನ್ನ ಕೊನೆಯ ಆಸೆ. ಎಮ್ಮೆಗಳ ನಡುವೆ ಜೀಪು ಬಿಟ್ಟೆ. ಎಮ್ಮೆಗಳು ಬೇಸರದಿಂದ ನಮ್ಮನ್ನು ನೋಡಿದವು. ಜೀಪು ಹೊರಳಿತು, ಬಳುಕಿತು, ಗಿರ್ರನೆ ಬಾಲ ತಿರುಗಿಸಿತು, ಕೊನೆಗೆ ಒಂದು ಮುದಿ ಎಮ್ಮೆಗಿಂತ ಮೊದಲು ದಂಡೆ ಹತ್ತಿತು. ಕೆಸರಿಗೆ ಅಂಜದ ಪ್ರಾಣಿ ಎರಡೇ ಎಂದು ಹೇಳಿದ್ದೆನಲ್ಲ? ತಪ್ಪು. ಒಂದೇ!

ಈಗ ನಮ್ಮ ಮೂವರಲ್ಲಿ ಕೆಸರಿಲ್ಲದ ವಸ್ತುವೆಂದರೆ ಉಂಡೆಯ ಡಬ್ಬಿಯ ಒಳಭಾಗ ಮಾತ್ರ. ಗಂಗವ್ವನಿಗೆ ವಿಷಯ ತಿಳಿದುಹೋಗಿತ್ತು. ಆಕೆ ಅಂಜುವ ಬದಲು ನಗಲು ಶುರುಮಾಡಿದಳು. "ವೈನೀ, ನಾಕ ವರ್ಷದ ಜೋಕಾಲಿ ಒಂದ ದಿನದಾಗ ಆತು ನೋಡ್ರಿ!" ಎಂದು ನೀಲವ್ವನ ಹೆಗಲಿಗೆ ಒರಗಿ ನಕ್ಕಳು. ಮದುವೆಗೆ ಮೊದಲು ಮನೆಯಲ್ಲಿ ಹೀಗೇ ನಗುತ್ತಿದ್ದಳು. ನನಗೂ ಅರ್ಧ ಭಯ ಹೋಯಿತು.

ಇನ್ನರ್ಧ ಗಜೇಂದ್ರಗಡದಲ್ಲಿ ಕಾದಿತ್ತು.

ಹಾಲೆರೆಯುವ ಹೊತ್ತಿಗೆ ಸರಿಯಾಗಿ ನಮ್ಮ ಓಣಿಗೆ ಹೊಕ್ಕೆವು. ಬೇವಿನ ಮರದ ಕೆಳಗೆ ಅವ್ವ ಆರತಿಯ ತಾಟು ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಹುತ್ತದ ಮಣ್ಣಿನ ನಾಗಪ್ಪ, ಹಾಲಿನ ಗಿಂಡಿ, ಮೇಲೆ ಖಾಲಿ ಜೋಕಾಲಿ. ಅವ್ವ ಮಗಳನ್ನು ಕಂಡಳು. ಮಗಳು ಅವ್ವನನ್ನು ಕಂಡಳು. ಆರತಿ ಮೇಲೆದ್ದಿತು. ಜೀಪು ಮುಂದೆ ಹೋಯಿತು.

"ಅವ್ವಾ, ಬಂದ್ವೀ!" ಎಂದು ಕೂಗಿದೆ.

"ಬಂದವರು ಎಲ್ಲಿಗೆ ಹೊಂಟೀರೋ?"

"ಈಗ ಬರ್ತೀವಿ!"

ಪೇಟೆ ಸುತ್ತಿ, ಬಾವಿ ಬಳಸಿ, ಮತ್ತೆ ಓಣಿಗೆ ಬರಬೇಕಾಯಿತು. ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಮಂದಿಗೆ ಕಂಡದ್ದಿಷ್ಟು: ಶ್ರಾವಣದಲ್ಲಿ ಮೆಣಸಗಿಯ ಎರೆ ಗೆದ್ದು ತಂಗಿಯನ್ನು ಕರೆತಂದ ಅಣ್ಣ, ಮೈತುಂಬ ಕೆಸರು ಬಳಿದುಕೊಂಡು, ಊರಿನಲ್ಲಿ ಮೆರವಣಿಗೆ ಹೊರಟಿದ್ದಾನೆ! ನೆರೆಮನೆಯ ಗುರಪ್ಪಕಾಕಾ ಅಂಗಡಿಯ ಕಟ್ಟೆಯಿಂದ ಎದ್ದು, "ಭಲೇ ತಮ್ಮಾ! ಹಿಂಗ ಕರ್ಕೊಂಡು ಬರಬೇಕು ತಂಗೀನ!" ಎಂದು ರುಮಾಲು ಬೀಸಿದ. ಬಾವಿ ದಾಟುವಷ್ಟರಲ್ಲಿ ಯಾರೋ ಹಲಗೆ ತಂದು ಬಾರಿಸತೊಡಗಿದರು. ಮತ್ತಾರೋ ಜೀಪಿನ ಮೂತಿಗೆ ಚೆಂಡುಹೂವಿನ ಮಾಲೆ ಎಸೆದರು. ಗಂಗವ್ವ ಡಬ್ಬಿ ತೆರೆದು ಮಂದಿಗೆ ಉಂಡೆ ಹಂಚುತ್ತ ಹೊರಟಳು. ನಾನು ಬೆವರು ಸುರಿಸುತ್ತ, ಎರಡೂ ಕಡೆ ಕೈಮುಗಿಯುತ್ತ ನಡೆಸಿದೆ. ಕೈಮುಗಿಯಲು ಚಕ್ರ ಬಿಟ್ಟಾಗಲೆಲ್ಲ ಮೆರವಣಿಗೆ ಗಟಾರದ ಕಡೆ ತಿರುಗುತ್ತಿತ್ತು.

ಮತ್ತೆ ಬೇವಿನ ಮರ. ಅವ್ವ ಈ ಸಲ ತಾಟು ಹಿಡಿದು ಜೀಪಿನ ಜತೆ ಜತೆಗೇ ಬಿರಬಿರನೆ ನಡೆಯತೊಡಗಿದಳು.

"ಗಂಗಾ, ಆರಾಮದಿಯೇನವಾ? ಯಾಕ ಸೊರಗೀದಿ?"

"ಆರಾಮದೀನವಾ! ನೀ ಬೀಳಬ್ಯಾಡ! ಅಣ್ಣಾ, ನಾ ಜಿಗದಬಿಡಲ್ಯಾ?"

"ಬ್ಯಾಡ!" ಎಂದಳು ಅವ್ವ ಏದುಸಿರು ಬಿಡುತ್ತ. "ಇಷ್ಟು ವರ್ಷಕ್ಕ ಬಂದ ಮಗಳು. ಆರತಿ ಆಗಲಾರದ ನೆಲಕ್ಕ ಕಾಲು ಇಡಬಾರದು. ನಡಕೋತ ಆರತಿ ಮಾಡಬಾರದು. ನಿಂದ್ರಸೋ ಮಗನ, ಹೊತ್ತು ಮೀರತೈತಿ!"

ಅವ್ವ ಓಣಿಯ ತುದಿಯಲ್ಲಿ ಹಿಂದೆ ಉಳಿದಳು. ತಾಟಿನ ದೀಪ ಆರಿತ್ತು. ಗಂಗವ್ವನ ನಗೆಯೂ ನಿಂತಿತು. ಆಕೆ ಹಿಂದೆ ತಿರುಗಿ ಆ ಖಾಲಿ ಜೋಕಾಲಿಯನ್ನೇ ನೋಡುತ್ತಿದ್ದಳು. ಮನೆಯ ಬಾಗಿಲಿಗೆ ಬಂದೂ ಹಾಲೆರೆಯುವ ಹೊತ್ತು ತಪ್ಪುವುದೆಂದರೆ!

ನಾನು ಕೊನೆಯ ನಿರ್ಧಾರ ಪ್ರಕಟಿಸಿದೆ. "ಅಂಜಬ್ಯಾಡ್ರಿ. ಪೆಟ್ರೋಲು ತೀರಿದ ಕೂಡ್ಲೆ ತಾನ ನಿಂದರತೈತಿ."

"ಯಾವಾಗ ತೀರತೈತಿ?" ನೀಲವ್ವ ಕೇಳಿದಳು.

ಹೊರಡುವಾಗ ಠೀವಿಯಿಂದ ಬಾಯಿತನಕ ತುಂಬಿಸಿದ್ದು ನೆನಪಾಯಿತು. "ನಾಳೆ... ಮಧ್ಯಾಹ್ನಕ್ಕ."

ನೀಲವ್ವ ರೊಟ್ಟಿಯ ಗಂಟನ್ನು ಎಡಗೈಗೆ ಬದಲಾಯಿಸಿದಳು. ಬೇವಿನ ಮರ ಮೂರನೆಯ ಸಲ ಹತ್ತಿರ ಬಂತು. ಅವ್ವ ಹೊಸ ಬತ್ತಿ ಹಚ್ಚಿ ನಿಂತಿದ್ದಳು. ಮರದ ನೇರಕ್ಕೆ ಬಂದ ಕೂಡಲೇ ನೀಲವ್ವ ಬಲಗೈ ಚಾಚಿ, ನಾನು ಮುಟ್ಟಬೇಡ ಎಂದಿದ್ದ ಚಾವಿಯನ್ನು ಹಿಡಿದು ಒಮ್ಮೆ ತಿರುವಿದಳು.

ಕಟ್!

ಜೀಪು ಒಮ್ಮೆ ಕೆಮ್ಮಿ ನಿಂತಿತು. ಬಾಗಿಲಿನ ನೇರಕ್ಕೆ ಸರಿಯಾಗಿ, ನೂಲು ಹಿಡಿದ ಹಾಗೆ.

ಹಲಗೆಯೂ ನಿಂತಿತು. ಆ ನಿಶ್ಶಬ್ದದಲ್ಲಿ ನನ್ನ ಹೆಂಡತಿ ಮೆಲ್ಲಗೆ ಹೇಳಿದಳು: "ನಿನ್ನೆ ಗೌಡ್ರ ಬಾಗಲದಾಗ ನೀವು ಹಿಂಗ ಬಂದ್ ಮಾಡಿದ್ರಿ. ಹಳ್ಳದಾಗ ಹೇಳಾಕ ಬಂದಿದ್ದೆ. ಯಂತ್ರದ ವಿಚಾರ ನಿಮಗ ಬಿಡಬೇಕಂದ್ರಿ. ಬಿಟ್ಟಿದ್ದೆ."

ಊರ ಮಂದಿಗೆ ಇದಾವುದೂ ಕೇಳಿಸಲಿಲ್ಲ. ಅವರಿಗೆ ಕಂಡದ್ದು ಮೆರವಣಿಗೆ ಮನೆಯ ಬಾಗಿಲಿನಲ್ಲಿ ಶಾಸ್ತ್ರೋಕ್ತವಾಗಿ ಮುಗಿದದ್ದು ಮಾತ್ರ. "ಹೋ!" ಎಂದು ಕೂಗಿದರು. ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು. ಅಲ್ಲಿಂದ ನೋಡಿದೆ. ಅವ್ವ ಆರತಿ ಬೆಳಗಿ, ರೊಟ್ಟಿಯ ತುಣುಕು ನಿವಾಳಿಸಿ ಎಸೆದು, ಮಗಳ ಕೆಸರು ಗಲ್ಲವನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಇಬ್ಬರೂ ಅತ್ತರು. ಮೇಲೆ ಇದ್ದುದರಿಂದ ನಾನು ಅತ್ತದ್ದು ಯಾರಿಗೂ ಕಾಣಲಿಲ್ಲ.

ಗಂಗವ್ವ ಗಿಂಡಿ ಹಿಡಿದು ನಾಗಪ್ಪನಿಗೆ ಹಾಲೆರೆದಳು. "ಅವ್ವನ ಪಾಲು... ಅಣ್ಣನ ಪಾಲು... ವೈನಿ ಪಾಲು..." ಸ್ವಲ್ಪ ತಡೆದು, ನನ್ನ ಕಡೆ ಓರೆನೋಟ ಬೀರಿ, "ಜೀಪಿನ ಪಾಲು" ಎಂದಳು. ಕೊನೆಯ ಹನಿಗಳನ್ನು ಬಗ್ಗಿಸಿ, "ಬ್ರೇಕಿನ ಪಾಲು" ಎಂದಳು.

ಆ ಸಂಜೆ ಬೇವಿನ ಮರ ಬೇರು ಸಮೇತ ಕಿತ್ತು ಬರುವಂತೆ ಜೀಕಿದಳು. ಹಬ್ಬ ಮುಗಿದ ಮೇಲೂ ಎಷ್ಟೋ ದಿನ ಅವ್ವ ಆ ಹಗ್ಗ ಬಿಚ್ಚಗೊಡಲಿಲ್ಲ. ನಾನು ಪೇಟೆಯಲ್ಲಿ ಮತ್ತೆ ಎದೆಯುಬ್ಬಿಸಿ ತಿರುಗಾಡಿದೆ. ಏನು ಸುಳ್ಳು? ಎರೆ ಗೆದ್ದದ್ದು ನಿಜ, ಹಳ್ಳ ಗೆದ್ದದ್ದು ನಿಜ, ಎಮ್ಮೆಯ ಹೊಂಡ ಗೆದ್ದದ್ದೂ ನಿಜ. ಅಂಥ ಗಾಡಿ ಸುತ್ತಲಿನ ಊರುಗಳಲ್ಲಿ ಇನ್ನೊಂದಿರಲಿಲ್ಲ. ಚಾವಿಯ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ನೀಲವ್ವ ಎಲ್ಲರಿಗೂ ಹೇಳಿದಳು.

ಮರುವರ್ಷದ ಶ್ರಾವಣದಲ್ಲಿ ಚನ್ನಪ್ಪಗೌಡರು ಸಂತೆಗೆ ಬಂದವರ ಕೈಯಲ್ಲಿ ಹೇಳಿ ಕಳಿಸಿದರು: "ಜೀಪು ಕಳಿಸ್ರಿ, ಸೊಸಿನ್ನ ಕಳಸ್ತೀನಿ. ಕೀಲೆಣ್ಣಿ ಮುಟ್ಟೂದಿಲ್ಲ. ಆದ್ರ ನಡಸಾಕ ನೀಲವ್ವನ್ನ ಕಳಿಸ್ರಿ. ಬೀಗರಿಗೆ ಬರೂ ಮನಸಿದ್ರ ಹಿಂದ ಕುಂತು ಬರಲಿ. ರೊಟ್ಟಿ ಗಂಟು ಹಿಡಕೊಳ್ಳಾಕ ಒಬ್ಬರು ಬೇಕಾಗತಾರ."

ನೀಲವ್ವ ಅಷ್ಟರಲ್ಲಿ ಓಡಿಸಲು ಕಲಿತಿದ್ದಳು. ನಿಲ್ಲಿಸುವುದನ್ನು ಮೊದಲು ಕಲಿತಿದ್ದಳು!

ಹೋದೆ. ಹಿಂದೆಯೇ ಕುಳಿತು ಹೋದೆ. ಮೆಣಸಗಿಯ ಎರೆಯಲ್ಲಿ ಅಷ್ಟು ದೂರ ಹೋಗಿ ಬಂದರೂ ಒಂದೇ ಒಂದು ರೊಟ್ಟಿ ಮುರಿಯಗೊಡಲಿಲ್ಲ ಎಂದು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.